ಮೇಣದ ಹಲ್ಲು, ಕಲಿಸುವ ಕೈ

ಮುಂಜಾನೆ ಬಸವಕಲ್ಯಾಣದಿಂದ ಹುಮನಾಬಾದಿಗೆ ಹೊರಡುವ ಬಸ್ಸಿನಲ್ಲಿ ಬಿಳಿ ಏಪ್ರನ್ ಮಡಿಚಿ ತೊಡೆಯ ಮೇಲಿಟ್ಟುಕೊಂಡವರು ಕಂಡರೆ ಅವರು ದಂತ ವೈದ್ಯಕೀಯ ಕಾಲೇಜಿನವರು ಎಂದು ಕಂಡಕ್ಟರಿಗೂ ಗೊತ್ತು. ಅರ್ಧ ಮಾತು ಕನ್ನಡ, ಅರ್ಧ ದಖನಿ, ನಡುನಡುವೆ ಮರಾಠಿ. ಪರೀಕ್ಷೆಯ ಮಾತು ಮುಗಿದರೆ ಮೇಷ್ಟ್ರುಗಳ ಮಾತು. "ಮೇಡಂ ಬಾಜೂಕ ಕುಂತು ಕೆತ್ತಿ ತೋರಸ್ತಾರ ನೋಡು, ಅದಕ್ಕೇ ತಲಿಗಿ ಹತ್ತತದ." ಇಷ್ಟರಲ್ಲಿ ಒಂದು ಮೌಲ್ಯಮಾಪನ ಮುಗಿದೇ ಹೋಯಿತು.

ಕೆತ್ತುವುದು ಮೇಣದ ಹಲ್ಲನ್ನು. ಬಿ.ಡಿ.ಎಸ್. ಮೊದಲ ವರ್ಷದವರ ಮೇಜಿನ ಮೇಲೆ ಮೇಣದ ಬ್ಲಾಕು, ಸ್ಕೇಲು, ಕಾರ್ವರ್, ಸುತ್ತ ಮೇಣದ ಚೂರು. ಮೇಲ್ದವಡೆಯ ನಡುವಿನ ಬಾಚಿಹಲ್ಲಿಗೆ ಪುಸ್ತಕದ ಅಳತೆ ಹೀಗಿದೆ: ಕ್ರೌನ್ 10.5 ಮಿಲಿಮೀಟರ್, ಬೇರು 13, ಅಗಲ 8.5. ಅಳತೆ ತಪ್ಪದೆ ಕೆತ್ತಿದರೂ ಅದು ಹಲ್ಲಿನಂತೆ ಕಾಣುವುದಿಲ್ಲ. ಬಾಯಿಯ ನಡುಗೆರೆಯ ಕಡೆಯ ಮೂಲೆ ಚೂಪಾಗಿರಬೇಕು, ಆಚೆಯ ಮೂಲೆ ತುಸು ದುಂಡಗಾಗಬೇಕು. ಇದನ್ನು ಹತ್ತು ಸಲ ಬಾಯಲ್ಲಿ ಹೇಳಿದರೂ ಮಕ್ಕಳ ಬೆರಳಿಗೆ ಇಳಿಯದು. ಕಲಿಸುವವರು ಕಾರ್ವರ್ ತೆಗೆದುಕೊಂಡು, ಹೆಬ್ಬೆರಳು ಊರಿ, ಆ ಮೂಲೆಯನ್ನು ಎರಡೇ ಎಳೆತದಲ್ಲಿ ದುಂಡಗೆ ಮಾಡಿ, "ಇನ್ನೊಂದು ನೀನು ಮಾಡು" ಎಂದು ಕೈಗಿಡಬೇಕು. ಅಂಥವರ ಸುತ್ತ ಏಪ್ರನ್‌ಗಳ ಗುಂಪು ತಾನಾಗಿಯೇ ಕಟ್ಟುತ್ತದೆ.

ಮೂರನೆಯ ವರ್ಷಕ್ಕೆ ಬಂದರೆ ಮೇಣದ ಜಾಗದಲ್ಲಿ ಜೀವಂತ ಬಾಯಿ. ಸುತ್ತಲ ಹಳ್ಳಿಯ ಹಿರಿಯರೊಬ್ಬರು ಕುರ್ಚಿಯ ಮೇಲೆ ಒರಗಿದ್ದಾರೆ. "ಭಾಳ ನೋಯ್ಲತ್ತದ್ರಿ ಸಾಬ್." ಕೆಳದವಡೆಯ ನರಕ್ಕೆ ಕೊಡುವ ಮೊದಲ ಇಂಜೆಕ್ಷನ್, ಸಿರಿಂಜ್ ಹಿಡಿದ ಹುಡುಗಿಯ ಕೈ ನಡುಗುತ್ತಿದೆ. ಸರ್ ಹಿಂದೆ ನಿಂತು, ಎಲುಬಿನ ತಗ್ಗು ಎಲ್ಲಿದೆಯೆಂದು ಅವಳ ಬೆರಳಿಗೇ ಮುಟ್ಟಿಸಿ, ರೋಗಿಯ ಕಡೆ ಬಾಗುತ್ತಾರೆ: "ಕಾಕಾ, ನೋವಾದ್ರ ಎಡಗೈ ಎತ್ರಿ, ನಿಂತುಬಿಡ್ತೀವಿ." ತುಟಿ ಜೋಮು ಹಿಡಿಯಿತೇ ಎಂದು ಕೇಳಿಯೇ ಮುಂದಿನ ಕೆಲಸ. ತಂಬಾಕು, ಗುಟ್ಕಾ ಜಗಿದು ಬಿಗಿದ ಬಾಯಿಯಾದರೆ, ಮೂರು ಬೆರಳು ಹಿಡಿಸುತ್ತದೋ ಇಲ್ಲವೋ ನೋಡಲು ಕಲಿಸುವುದೂ ಅಲ್ಲಿಯೇ. ಔಷಧದ ಹೆಸರು ಮರೆತೀತು, "ಕಾಕಾ" ಎಂದ ದನಿ ಮರೆಯುವುದಿಲ್ಲ. ರೋಗಿಯ ಭಾಷೆಯಲ್ಲಿ ಮಾತಾಡಬಲ್ಲವರನ್ನು ವಿದ್ಯಾರ್ಥಿಗಳು ಒಳ್ಳೆಯ ಮೇಷ್ಟ್ರೆನ್ನುವುದು ಸರಿಯಾಗಿಯೇ ಇದೆ.

ಯಾವ ಕಾಲೇಜಿಗೆ ಹೋದರೂ ವರ್ಷದ ಕೊನೆಗೆ ವಿದ್ಯಾರ್ಥಿಗಳು ಮೇಷ್ಟ್ರುಗಳಿಗೆ ಅಂಕ ಹಾಕುವ ಹಾಳೆಯಲ್ಲಿ ಇಂಥ ಕಲಿಸುವಿಕೆಗೆ ಜಾಗ ಕಡಿಮೆ. ಸಮಯಕ್ಕೆ ಬರುತ್ತಾರೆಯೇ, ಪಾಠ ಮುಗಿಸಿದರೇ, ಐದಕ್ಕೆ ಎಷ್ಟು ಅಂಕ? ಚೆಂದದ ಮಾತಿಗೆ ಅಂಕ ಬೀಳುವುದು ಸುಲಭ. ಅಮೆರಿಕದಲ್ಲಿ ಒಬ್ಬ ನಟನಿಗೆ 'ಡಾಕ್ಟರ್ ಫಾಕ್ಸ್' ಎಂದು ಹೆಸರಿಟ್ಟು, ಅರ್ಥವಿಲ್ಲದ ಉಪನ್ಯಾಸ ಕೊಡಿಸಿದ್ದರು. ಕೇಳಿದವರಲ್ಲಿ ಮನೋವೈದ್ಯರೂ ಇದ್ದರು, ಬಹುತೇಕರು ಮೆಚ್ಚಿದರು. ಆ ಅಧ್ಯಯನ 1973ರಲ್ಲಿ ಪ್ರಕಟವಾಯಿತು. ಹಾಗೆಂದು ಮಕ್ಕಳ ತೀರ್ಪನ್ನು ತಳ್ಳಿಹಾಕಲಾಗದು. ಕೇಳುವ ಪ್ರಶ್ನೆಯನ್ನು ತಿದ್ದಬೇಕಷ್ಟೆ. ಬಾಯಿಪಾಠಕ್ಕಿಂತ ಮಾಡಿ ತೋರಿಸುವ ಕೌಶಲಕ್ಕೆ ಒತ್ತು ಕೊಡುವ ಪಠ್ಯಕ್ರಮ ಎಂ.ಬಿ.ಬಿ.ಎಸ್.ಗೆ 2019ರಲ್ಲೇ ಬಂದಿದೆ. ಹಾಗಿರುವಾಗ ಕಲಿಸುವವರನ್ನು ಅಳೆಯುವ ಹಾಳೆ ಹಳೆಯದೇ ಉಳಿದರೆ ಹೇಗೆ?

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅನುಭವ ಮಂಟಪಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮ ಪ್ರಶ್ನಿಸಿದ, ಅವಳು ಎದುರು ನಿಂತು ಉತ್ತರಿಸಿದಳು ಎಂದು ನಂಬುವ ನೆಲವಿದು. ಇಲ್ಲಿನ ಮಕ್ಕಳು ತಮ್ಮ ಗುರುಗಳ ಬಗ್ಗೆ ಬಸ್ಸಿನಲ್ಲಿ ಆಡುವುದನ್ನು ಕಾಲೇಜಿನೊಳಗೂ ಹೆದರಿಕೆಯಿಲ್ಲದೆ ಆಡುವಂತಾಗಬೇಕು. ಹಾಳೆಗೆ ಎರಡು ಪ್ರಶ್ನೆ ಸೇರಿಸಿ: ನಿಮ್ಮ ಮುಂದೆ ಸ್ವತಃ ಮಾಡಿ ತೋರಿಸಿದರೇ? ನೀವು ಮಾಡುವಾಗ ಪಕ್ಕದಲ್ಲಿ ನಿಂತಿದ್ದರೇ? ಹೆಸರು ಬರೆಸಬೇಡಿ. ಬಂದ ಉತ್ತರವನ್ನು ಕಪಾಟಿಗೆ ಹಾಕದೆ ಓದಿ.