ತಿನ್ನರಿನ ವಾಸನೆಯೂ ಹೊಸ ದ್ರಾವಕಗಳೂ

ಅರ್ಥಶಾಸ್ತ್ರವನ್ನು ಐಚ್ಛಿಕವಾಗಿ ತೆಗೆದುಕೊಂಡು ಬಿ.ಎ. ಕೊನೆಯ ವರ್ಷದಲ್ಲಿರುವವನೊಬ್ಬ ರಸಾಯನಶಾಸ್ತ್ರದ ವಿಷಯವನ್ನು ಬರೆಯಹೊರಟರೆ ಅಧ್ಯಾಪಕರು ಹುಬ್ಬೇರಿಸಬಹುದು. ವಿಜ್ಞಾನ ಓದಿದ ಗೆಳೆಯರು ನಗಲೂಬಹುದು. ಆದರೆ ಈ ವಿಷಯವನ್ನು ನಾನು ಹುಡುಕಿಕೊಂಡು ಹೋದವನಲ್ಲ. ಅದೇ ನಮ್ಮ ಮನೆಗೆ ಬಂದದ್ದು.

ನನ್ನ ತಂದೆಯವರು ಬಣ್ಣ ಬಳಿಯುವ ಕೆಲಸದವರು. ಸಂಜೆ ಅವರು ಬಾಗಿಲಿಗೆ ಬರುವ ಮೊದಲೇ ತಿನ್ನರಿನ ವಾಸನೆ ಒಳಗೆ ಬರುತ್ತಿತ್ತು. ಚಿಕ್ಕಂದಿನಲ್ಲಿ ಎಲ್ಲರ ತಂದೆಯರಿಗೂ ಇದೇ ವಾಸನೆಯಿರುತ್ತದೆಂದು ನಾನು ತಿಳಿದಿದ್ದೆ. ಎರಡು ವರ್ಷಗಳ ಹಿಂದೆ ಒಂದು ಮನೆಯಲ್ಲಿ, ಹಸಿ ಬಣ್ಣದ ಮೇಲೆ ಧೂಳು ಕೂರಬಾರದೆಂದು ಯಜಮಾನರು ಕಿಟಕಿಗಳನ್ನೆಲ್ಲ ಮುಚ್ಚಿಸಿದ್ದರು. ಮಧ್ಯಾಹ್ನದ ಹೊತ್ತಿಗೆ ತಂದೆಯವರಿಗೆ ತಲೆ ತಿರುಗಿ ಏಣಿಯಿಂದ ಬಿದ್ದರು. ಬಿದ್ದದ್ದು ಎರಡನೆಯ ಮೆಟ್ಟಿಲಿನಿಂದಾದ್ದರಿಂದ ಕೈಕಾಲು ಉಳಿದವು. ತಲೆನೋವು ಮಾತ್ರ ಮೂರು ದಿನ ಬಿಡಲಿಲ್ಲ. ಆ ಮೂರು ದಿನದ ಕೂಲಿಯೂ ಹೋಯಿತು.

ಒಂದು ವಸ್ತುವನ್ನು ತನ್ನೊಳಗೆ ಕರಗಿಸಿಕೊಳ್ಳುವ ದ್ರವಕ್ಕೆ ದ್ರಾವಕವೆಂದು ಹೆಸರು. ನೀರು ಸಕ್ಕರೆಗೆ ದ್ರಾವಕ. ನಮ್ಮ ಮನೆಯ ಮೂಲೆಯಲ್ಲಿರುವ ಡಬ್ಬಿಯ ತಿನ್ನರು ಬಣ್ಣದ ಅಂಟಿಗೆ ದ್ರಾವಕ. ಟಾಲೀನ್, ಅಸಿಟೋನ್, ಖನಿಜ ಟರ್ಪೆಂಟೈನ್ ಮೊದಲಾದವು ಬೇಗ ಆವಿಯಾಗುವ ದ್ರವಗಳು. ಆವಿಯಾದದ್ದು ಎಲ್ಲಿಗೆ ಹೋಗಬೇಕು? ಕೋಣೆಯ ಗಾಳಿಗೆ, ಅಲ್ಲಿಂದ ಕೆಲಸ ಮಾಡುವವನ ಎದೆಗೂಡಿಗೆ. ಬಣ್ಣದ ಕೆಲಸದಲ್ಲಿ ಮಾತ್ರವಲ್ಲ, ಔಷಧಿ, ಅಂಟು, ಮುದ್ರಣದ ಮಸಿ, ಲೋಹಗಳಿಗೆ ಮೆರುಗು ಕೊಡುವ ಕೆಲಸ, ಇವೆಲ್ಲವೂ ಇಂಥ ದ್ರಾವಕಗಳನ್ನೇ ನಂಬಿ ನಿಂತಿವೆ. ಆದುದರಿಂದಲೇ ಕಡಿಮೆ ಅಪಾಯದ ದ್ರಾವಕಗಳನ್ನು ಹುಡುಕುವ ಕೆಲಸಕ್ಕೆ ಅನೇಕ ರಸಾಯನ ವಿಜ್ಞಾನಿಗಳು ತಮ್ಮ ಆಯುಷ್ಯವನ್ನೇ ಕೊಟ್ಟಿದ್ದಾರೆ.

ಪಕ್ಕದ ವಿಜ್ಞಾನ ಕಾಲೇಜಿನಲ್ಲಿ ಓದುವ ನನ್ನ ಗೆಳೆಯನೊಬ್ಬ ಒಂದು ಶನಿವಾರ ನನ್ನನ್ನು ತಮ್ಮ ಪ್ರಯೋಗಶಾಲೆಗೆ ಕರೆದೊಯ್ದು ಎರಡು ಬಿಳಿಯ ಪುಡಿಗಳನ್ನು ತೋರಿಸಿದ. ಒಂದು ಯೂರಿಯಾ; ಹೊಲವಿರುವ ಮನೆಯವರಿಗೆ ಅದನ್ನು ಪರಿಚಯಿಸಬೇಕಾಗಿಲ್ಲ. ಇನ್ನೊಂದು ಕೋಲೀನ್ ಕ್ಲೋರೈಡ್, ಕೋಳಿಗಳ ಆಹಾರಕ್ಕೆ ಬೆರೆಸುವ ಲವಣ. ಯೂರಿಯಾ ಕರಗಬೇಕಾದರೆ 133 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆ ಬೇಕು. ಕೋಲೀನ್ ಕ್ಲೋರೈಡಿಗೆ 302 ಡಿಗ್ರಿ. ಅಣುಗಳ ಎಣಿಕೆಯಲ್ಲಿ ಎರಡು ಪಾಲು ಯೂರಿಯಾಕ್ಕೆ ಒಂದು ಪಾಲು ಕೋಲೀನ್ ಕ್ಲೋರೈಡನ್ನು ಸೇರಿಸಿ ಅವನು ಮೆಲ್ಲಗೆ ಬಿಸಿ ಮಾಡಿದ. ಪುಡಿ ಮೊದಲು ಒದ್ದೆಯಾದಂತೆ ಕಂಡು, ಆಮೇಲೆ ತಿಳಿಯಾದ ಪಾಕವಾಯಿತು. ಒಲೆಯಿಂದ ಇಳಿಸಿ ಆರಿಸಿದರೂ ಅದು ಗಟ್ಟಿಯಾಗಲಿಲ್ಲ. ಈ ಮಿಶ್ರಣ ಹೆಪ್ಪುಗಟ್ಟುವುದು 12 ಡಿಗ್ರಿಯಲ್ಲಿ! ಮೂಸಿ ನೋಡಿದೆ, ತಿನ್ನರಿನಂತೆ ಮೂಗಿಗೆ ಹೊಡೆಯುವ ಆವಿ ಏನೂ ಇರಲಿಲ್ಲ. ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಆಂಡ್ರೂ ಅಬಟ್ ಮತ್ತು ಅವರ ಸಂಗಡಿಗರು ಇದನ್ನು 2003ರಲ್ಲಿ ಪ್ರಕಟಿಸಿದರು.

ಇದೇನು ಮಾಯವಲ್ಲ. ಐಸ್‌ಕ್ರೀಮು ಮಾಡುವವರು ಮಂಜುಗಡ್ಡೆಗೆ ಉಪ್ಪು ಹಾಕುವುದನ್ನು ಜಾತ್ರೆಯಲ್ಲಿ ನಾವೆಲ್ಲ ನೋಡಿದ್ದೇವೆ. ಉಪ್ಪು ಬೆರೆತ ನೀರು ಸೊನ್ನೆಗಿಂತ 21 ಡಿಗ್ರಿ ಕೆಳಗಿನವರೆಗೂ ದ್ರವವಾಗಿ ಉಳಿಯಬಲ್ಲುದು. ರೇಡಿಯೋ ರಿಪೇರಿಯವನ ಬೆಸುಗೆಯೂ ಹಾಗೆಯೇ: ತವರ ಕರಗುವುದು 232 ಡಿಗ್ರಿಯಲ್ಲಿ, ಸೀಸ 327ರಲ್ಲಿ, ನೂರರಲ್ಲಿ 63 ಪಾಲು ತವರವಿರುವ ಮಿಶ್ರಣ 183ರಲ್ಲಿಯೇ ಕರಗುತ್ತದೆ. ಇಂಥ ಮಿಶ್ರಣವನ್ನು ಯೂಟೆಕ್ಟಿಕ್ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಸುಲಭವಾಗಿ ಕರಗುವುದೆಂದು ಅದರ ಅರ್ಥ. ಹರಳೆಂದರೆ ಪಂಕ್ತಿಯಲ್ಲಿ ಒತ್ತಾಗಿ ಕುಳಿತ ಅಣುಗಳು. ಎರಡು ಮನೆತನದವರು ಒಂದೇ ಚಪ್ಪರಕ್ಕೆ ಬಂದು, ತಮ್ಮವರನ್ನು ಬಿಟ್ಟು ಬೀಗರ ಕೈಹಿಡಿದು ಮಾತಿಗೆ ನಿಂತರೆ ಯಾರ ಪಂಕ್ತಿಯೂ ಏಳುವುದಿಲ್ಲವಷ್ಟೆ. ಇಲ್ಲಿ ಕ್ಲೋರೈಡಿನ ಅಯಾನುಗಳು ಯೂರಿಯಾದ ಹೈಡ್ರೊಜನ್ನುಗಳನ್ನು ಹಿಡಿದುಕೊಳ್ಳುತ್ತವೆ; ಹರಳು ಕಟ್ಟುವ ಕೆಲಸ ನಿಂತುಹೋಗುತ್ತದೆ.

ಕೈ ಹಿಡಿದದ್ದನ್ನು ಕಣ್ಣಾರೆ ಕಂಡವರು ಯಾರು? ಈ ಪ್ರಶ್ನೆಯೇ ನನ್ನನ್ನು ಕರೆನ್ ಎಡ್ಲರ್ ಎಂಬ ವಿದುಷಿಯ ಸಂಶೋಧನೆಗೆ ಕೊಂಡೊಯ್ದದ್ದು. ಆಸ್ಟ್ರೇಲಿಯಾದಲ್ಲಿ ಓದಿದ ಇವರು ಬಹುಕಾಲ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದಲ್ಲಿ ಕೆಲಸಮಾಡಿ, ಬಳಿಕ ಸ್ವೀಡನ್ನಿನ ಲುಂಡ್‌ಗೆ ಹೋದರು. ಆಕ್ಸ್‌ಫರ್ಡ್ ಪ್ರಾಂತದಲ್ಲಿರುವ ಐಸಿಸ್ ಎಂಬ ಕೇಂದ್ರದಲ್ಲಿ ನ್ಯೂಟ್ರಾನುಗಳ ಪ್ರವಾಹವನ್ನು ಈ ಪಾಕದ ಮೂಲಕ ಹಾಯಿಸಿ, ಅವು ಚದುರುವ ಬಗೆಯಿಂದ ಒಳಗಿನ ವಿನ್ಯಾಸವನ್ನು ಲೆಕ್ಕಹಾಕುವುದು ಅವರ ವಿಧಾನ. ಕ್ಷಕಿರಣಗಳಿಗೆ ಹೈಡ್ರೊಜನ್ ಸರಿಯಾಗಿ ಕಾಣದು, ನ್ಯೂಟ್ರಾನಿಗೆ ಕಾಣುತ್ತದೆ. ಅಲ್ಲದೆ ಆಯ್ದ ಜಾಗಗಳಲ್ಲಿ ಹೈಡ್ರೊಜನ್ನಿನ ಬದಲು ಅದರ ಭಾರದ ಅಣ್ಣನಾದ ಡ್ಯೂಟೀರಿಯಮ್ಮನ್ನು ಕೂರಿಸಿದರೆ, ತೇರಿನ ಗುಂಪಿನಲ್ಲಿ ನಮ್ಮವನೊಬ್ಬನಿಗೆ ಕೆಂಪು ರುಮಾಲು ಸುತ್ತಿ ಕಳುಹಿಸಿದಂತೆ, ಯಾರು ಎಲ್ಲಿದ್ದಾರೆಂದು ಗುರುತು ಸಿಕ್ಕುತ್ತದೆ.

ಈ ಪಾಕಕ್ಕೆ ಒಂದು ದೊಡ್ಡ ಕೊರತೆಯುಂಟು: ಅದು ನೀರಿಗಿಂತ ಹಲವು ನೂರು ಪಾಲು ಮಂದ. ತೆಳುವಾಗಲೆಂದು ನೀರು ಬೆರೆಸಬೇಕು. ಬೆರೆಸದಿದ್ದರೂ ಅದು ಗಾಳಿಯಲ್ಲಿನ ತೇವವನ್ನು ತಾನೇ ಹೀರಿಕೊಳ್ಳುತ್ತದೆ. ಹಾಗಾದರೆ ಎಷ್ಟು ನೀರಿನವರೆಗೆ ಅದು ತನ್ನತನವನ್ನು ಉಳಿಸಿಕೊಂಡೀತು? ಎಡ್ಲರ್ ಅವರ ತಂಡ 2017ರಲ್ಲಿ ಕೊಟ್ಟ ಉತ್ತರ ನನ್ನಂಥವನಿಗೂ ಆಶ್ಚರ್ಯ ತಂದಿತು. ತೂಕದಲ್ಲಿ ಶೇಕಡ 42ರಷ್ಟು ನೀರು ಸೇರಿದರೂ ಒಳಗಿನ ಬಂಧನಗಳು ಬಹುಮಟ್ಟಿಗೆ ಹಾಗೆಯೇ ಇದ್ದುವು. ಶೇಕಡ 51ಕ್ಕೆ ಏರುವಷ್ಟರಲ್ಲಿ ಅದು ನೀರಿನಲ್ಲಿ ಕರಗಿದ ಎರಡು ವಸ್ತುಗಳ ಸಾಧಾರಣ ದ್ರಾವಣವಾಗಿಬಿಟ್ಟಿತು. ಹಾಲಿಗೆ ನೀರು ಬೆರೆಸುವವರಿಗೂ ಇಷ್ಟು ಉದಾರವಾದ ಮಿತಿ ಸಿಕ್ಕಿಲ್ಲ.

ಅವರ ಇನ್ನೊಂದು ಆಸಕ್ತಿ ಮೃದುದ್ರವ್ಯ. ಪೂರ್ತಿ ಘನವೂ ಅಲ್ಲದ, ನೀರಿನಂತೆ ಸರಳ ದ್ರವವೂ ಅಲ್ಲದ ಮೊಸರು, ಸಾಬೂನು, ಅಂಟು, ದ್ರವಸ್ಫಟಿಕಗಳು ಈ ವರ್ಗಕ್ಕೆ ಸೇರಿದವು. ಈ ಕ್ಷೇತ್ರದ ಕೆಲಸಕ್ಕಾಗಿ ಫ್ರಾನ್ಸಿನ ಡಿ ಜೆನ್ ಅವರಿಗೆ 1991ರಲ್ಲಿ ನೊಬೆಲ್ ಬಹುಮಾನ ಬಂತು. ನಮ್ಮವರೂ ಹಿಂದೆ ಬಿದ್ದವರಲ್ಲ: ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಕಲಿಸಿದ್ದ ಎಸ್. ಚಂದ್ರಶೇಖರ್ ಅವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸಂಗಡಿಗರೊಡನೆ, ಬಿಲ್ಲೆಯಾಕಾರದ ಅಣುಗಳು ಕಂಬಗಳಾಗಿ ನಿಲ್ಲುವ ದ್ರವಸ್ಫಟಿಕವನ್ನು 1977ರಲ್ಲಿ ಕಂಡುಹಿಡಿದರು.

ಸಾಬೂನಿನ ಅಣುವಿಗೆ ನೀರನ್ನು ಪ್ರೀತಿಸುವ ತಲೆಯೂ ನೀರಿಗೆ ಹೆದರುವ ಬಾಲವೂ ಉಂಟು. ನೀರಿನಲ್ಲಿ ಈ ಅಣುಗಳು ಬಾಲಗಳನ್ನು ಒಳಗೆ ಬಚ್ಚಿಟ್ಟು ಸಣ್ಣ ಸಣ್ಣ ಉಂಡೆಗಳಾಗುತ್ತವೆ. ಕೋಲೀನ್ ಕ್ಲೋರೈಡಿನ ಈ ಹೊಸ ಪಾಕಗಳಲ್ಲಿ, ಒಂದು ತೊಟ್ಟು ನೀರಿಲ್ಲದೆಯೂ, ಇಂಥ ಉಂಡೆಗಳು ಕಟ್ಟುತ್ತವೆಂಬುದನ್ನು ಎಡ್ಲರ್ ಅವರ ತಂಡ ತೋರಿಸಿದೆ. ಇಂಥ ಉಂಡೆಗಳನ್ನು ಅಚ್ಚಿನಂತೆ ಬಳಸಿ, ಸುತ್ತಲೂ ಸಿಲಿಕಾ ಬೆಳೆಸಿ, ಆಮೇಲೆ ಅಚ್ಚನ್ನು ತೆಗೆದುಬಿಟ್ಟರೆ ಒಂದೇ ಅಳತೆಯ ರಂಧ್ರಗಳುಳ್ಳ ವಸ್ತು ದೊರೆಯುತ್ತದೆ.

ಇಷ್ಟೆಲ್ಲ ತಿಳಿದ ಮೇಲೆ ನಾನು ಗೆಳೆಯನನ್ನು ಕೇಳಿದ್ದು ಒಂದೇ ಮಾತು: "ಇದನ್ನು ತಿನ್ನರಿನ ಬದಲು ಬಣ್ಣಕ್ಕೆ ಹಾಕಬಹುದೇ?" ಅವನು ನಕ್ಕ. ಬಣ್ಣ ಒಣಗುವುದೆಂದರೆ ದ್ರಾವಕ ಹಾರಿಹೋಗುವುದು. ಆವಿಯೇ ಆಗದ ದ್ರಾವಕವನ್ನು ಹಾಕಿದರೆ ಬಾಗಿಲು ಎಂದೆಂದಿಗೂ ಹಸಿಯಾಗಿಯೇ ಇರುತ್ತದೆ! ಯಾವ ಗುಣವನ್ನು ನಾನು ವರವೆಂದುಕೊಂಡಿದ್ದೆನೋ ಅದೇ ಇಲ್ಲಿ ದೋಷ. ಉಕ್ಕಿಗೆ ವಿದ್ಯುತ್ತಿನಿಂದ ಮೆರುಗು ಕೊಡುವಲ್ಲಿ ಆಮ್ಲಗಳ ಬದಲಾಗಿ ಇಂಥ ಪಾಕಗಳು ಚೆನ್ನಾಗಿ ಕೆಲಸಮಾಡುತ್ತವೆ. ನಮ್ಮ ತಂದೆಯವರ ಡಬ್ಬಿಗೆ ಮಾತ್ರ ಅಲ್ಲ. ಇನ್ನೊಂದನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಹೇಳದೆ ಇರಲಾರೆ. ಹಸಿರು ದ್ರಾವಕವೆಂಬ ಹೆಸರನ್ನು ಕೂಡಲೇ ನಂಬಬಾರದು. ಯೂರಿಯಾಕ್ಕೆ ಬೇಕಾದ ಅಮೋನಿಯವನ್ನು ಹೆಚ್ಚಾಗಿ ನೆಲದಡಿಯ ಅನಿಲದಿಂದಲೂ ಕಲ್ಲಿದ್ದಲಿನಿಂದಲೂ ತಯಾರಿಸುತ್ತಾರೆ. ಆ ಲೆಕ್ಕವನ್ನೂ ಬರೆಯದ ಖಾತೆ ಪೂರ್ತಿಯಾದ ಖಾತೆಯಲ್ಲ.

ತಂದೆಯವರ ಕಷ್ಟಕ್ಕೆ ಹತ್ತಿರದ ಉತ್ತರ ಇದ್ದದ್ದು ಮೃದುದ್ರವ್ಯದಲ್ಲಿ. ಗೋಡೆಗೆ ಬಳಿಯುವ ಎಮಲ್ಷನ್ ಬಣ್ಣವೆಂದರೆ, ಹಾಲಿನಲ್ಲಿ ಕೊಬ್ಬಿನ ಕಣಗಳಿರುವಂತೆ, ನೀರಿನಲ್ಲಿ ತೇಲುವ ಪಾಲಿಮರಿನ ಸೂಕ್ಷ್ಮ ಕಣಗಳು. ಒಂದಕ್ಕೊಂದು ಅಂಟದಂತೆ ಸಾಬೂನಿನ ಜಾತಿಯ ಅಣುಗಳು ಅವನ್ನು ಕಾಯುತ್ತವೆ. ನೀರು ಆರಿದಾಗ ಕಣಗಳು ಒತ್ತಾಗಿ ಸೇರಿ, ಒಂದರ ಮೈ ಇನ್ನೊಂದಕ್ಕೆ ಬೆಸೆದು, ಪೊರೆಯಾಗುತ್ತದೆ. ಹಾರಿಹೋಗುವುದು ಬಹುಪಾಲು ನೀರು. ಬೆಸೆಯಲು ನೆರವಾಗುವ ಬೇರೊಂದು ದ್ರಾವಕ ಸ್ವಲ್ಪ ಇರುತ್ತದೆ, ಅದನ್ನು ಮುಚ್ಚಿಡಬೇಕಾಗಿಲ್ಲ.

ಗೋಡೆಗೆ ಈ ಬಣ್ಣವನ್ನು ತಂದೆಯವರು ಬಹಳ ವರ್ಷಗಳಿಂದ ಬಳಿಯುತ್ತಿದ್ದಾರೆ. ಅವರಿಗೆ ಅದರಲ್ಲಿ ಹೊಸದೇನೂ ಇಲ್ಲ. ತೊಂದರೆ ಇರುವುದು ಕಬ್ಬಿಣದ ಕಿಟಕಿಗಳಲ್ಲಿ. ಕಬ್ಬಿಣಕ್ಕೂ ನೀರಿನ ಎನಾಮೆಲ್ ಬಂದಿದೆಯೆಂದು ನಾನು ಹೇಳಿದಾಗ ಅವರು, "ಕಬ್ಬಿಣಕ್ಕೆ ನೀರು ಬಳಿಯುವುದೇ? ತುಕ್ಕು ಹಿಡಿದರೆ ಕೂಲಿ ಕೊಡುವವರು ಯಾರು?" ಎಂದರು. ಅವರ ಸಂಶಯಕ್ಕೆ ಆಧಾರವಿದೆ; ಹದವಾದ ಮೊದಲ ಲೇಪವಿಲ್ಲದೆ ಬಳಿದರೆ ಬರಿಯ ಕಬ್ಬಿಣ ನೀರಿನ ಬಣ್ಣದಡಿಯಲ್ಲಿ ಬೇಗ ತುಕ್ಕು ಹಿಡಿಯಬಹುದು. ಬೆಲೆಯೂ ಅವರು ತರುವ ಬಣ್ಣಕ್ಕಿಂತ ಹೆಚ್ಚು. ಕೊನೆಗೆ ಒಂದು ಸಣ್ಣ ಡಬ್ಬಿ ತಂದು, ಹಳೆಯ ಸರಳಿನ ತುಂಡೊಂದನ್ನು ಉಜ್ಜಿ, ಮೊದಲ ಲೇಪ ಕೊಟ್ಟು, ಅರ್ಧಕ್ಕೆ ನೀರಿನ ಬಣ್ಣವನ್ನೂ ಇನ್ನರ್ಧಕ್ಕೆ ತಿನ್ನರಿನ ಬಣ್ಣವನ್ನೂ ಅವರೇ ಬಳಿದರು. ಆ ತುಂಡು ನಮ್ಮ ಹಿತ್ತಲಿನ ಸೀಬೆಮರಕ್ಕೆ ತೂಗುಬಿದ್ದಿದೆ. ಮಳೆಗಾಲ ಇನ್ನೂ ಬಂದಿಲ್ಲ.