ಸತುವಿಗೆ ಸ್ಯಾಕರಿನ್

ಬೆಂಗಳೂರಿನ ಜೆ.ಸಿ. ರಸ್ತೆಯ ವಾಹನ ಬಿಡಿಭಾಗದ ಅಂಗಡಿಗಳಲ್ಲಿ ಕನ್ನಡಿಯ ಹಾಗೆ ಹೊಳೆಯುವ ನಿಕ್ಕಲ್ ಲೇಪವನ್ನು ನೋಡಿರುತ್ತೀರಿ. ಆ ಹೊಳಪಿಗಾಗಿ ಲೇಪದ ತೊಟ್ಟಿಗೆ ಲೀಟರಿಗೆ ಕೆಲವು ಗ್ರಾಂ ಸ್ಯಾಕರಿನ್ ಹಾಕುವುದುಂಟು. ಸಕ್ಕರೆ ಕಾಯಿಲೆಯವರು ಕಾಫಿಗೆ ಬೆರೆಸಿಕೊಳ್ಳುವ ಅದೇ ಸ್ಯಾಕರಿನ್. ಪ್ಲೇಟಿಂಗ್‌ನವರಿಗೆ ಇದು ದಶಕಗಳಿಂದ ಗೊತ್ತು. 2021ರಲ್ಲಿ ಸಂಶೋಧಕರು ಅದನ್ನೇ ಸತುವಿನ ಬ್ಯಾಟರಿಯ ನೀರಿಗೆ ಹಾಕಿ ನೋಡಿದರು. ಸತುವಿನ ತಗಡು ಹೆಚ್ಚು ಕಾಲ ಬಾಳಿತು.

ಇದರಲ್ಲಿ ನನಗೆ ಅಚ್ಚರಿಗಿಂತ ಸಂತೋಷವೇ ಹೆಚ್ಚು. ಸತುವಿನ ಬ್ಯಾಟರಿಯನ್ನು ಚಾರ್ಜ್ ಮಾಡುವುದೆಂದರೆ ತಗಡಿಗೆ ಸತು ಲೇಪಿಸುವುದೇ ತಾನೆ? ಬಳಸುವಾಗ ಸತು ಕರಗಿ ನೀರಿಗಿಳಿಯುತ್ತದೆ, ಚಾರ್ಜ್ ಆಗುವಾಗ ಮರಳಿ ಬಂದು ಅಂಟುತ್ತದೆ. ಸತು ಅಗ್ಗ, ಲೆಕ್ಕದ ಪ್ರಕಾರ ಗ್ರಾಂಗೆ 820 ಮಿಲಿಆಂಪಿಯರ್-ಗಂಟೆ ಕೊಡಬಲ್ಲದು, ಸತುವಿನ ಸಲ್ಫೇಟ್ ಕರಗಿಸಿದ ನೀರಿಗೆ ಲಿಥಿಯಂ ಬ್ಯಾಟರಿಯ ದ್ರವದಂತೆ ಬೆಂಕಿ ಹತ್ತುವುದಿಲ್ಲ.

ತೊಂದರೆಯೆಲ್ಲ ಮರಳಿ ಅಂಟುವಾಗ. ತಗಡಿನ ಮೇಲೆ ಎಲ್ಲೋ ಒಂದು ಉಬ್ಬಿದ್ದರೆ ವಿದ್ಯುತ್ತಿನ ಸೆಳೆತ ಅಲ್ಲೇ ಜಾಸ್ತಿ, ಹೊಸ ಸತುವೂ ಅಲ್ಲಿಗೇ ಓಡುತ್ತದೆ. ಉಬ್ಬು ಮುಳ್ಳಾಗಿ ಬೆಳೆದು, ನಡುವಿನ ಪರದೆ ಚುಚ್ಚಿ ಆಚೆ ಬದಿಯನ್ನು ಮುಟ್ಟಿದರೆ ಶಾರ್ಟ್. ಇನ್ನೊಂದು ಕಾಟ ನೀರಿನದೇ. ಕರಗಿದ ಸತುವಿನ ಪ್ರತಿ ಅಯಾನೂ ಆರು ನೀರಿನ ಅಣುಗಳನ್ನು ಮೈಗೆ ಸುತ್ತಿಕೊಂಡು ಬರುತ್ತದೆ. ತಗಡಿನ ಬಳಿ ನೀರು ಒಡೆದು ಹೈಡ್ರೋಜನ್ ಗುಳ್ಳೆ ಏಳುತ್ತದೆ, ಅಲ್ಲಿನ ದ್ರವ ಕ್ಷಾರವಾಗುತ್ತದೆ, ತಗಡಿಗೆ ಬಿಳಿ ಹಕ್ಕಳೆ ಕಟ್ಟುತ್ತದೆ.

ಸ್ಯಾಕರಿನ್ನಿನ ಅಯಾನು ತಗಡಿನ ಮೈಗೆ ಹತ್ತಿಕೊಂಡು ನೀರನ್ನು ದೂರ ಇಡುತ್ತದೆ. ಇದೇ ಕೆಲಸಕ್ಕೆ ಗ್ಲೂಕೋಸನ್ನೂ ಬೆರೆಸಿ ನೋಡಿದ್ದಾರೆ, ಅದರ ದಾರಿ ಬೇರೆ: ಆರು ನೀರಿನಲ್ಲಿ ಒಂದನ್ನು ಎಬ್ಬಿಸಿ ತಾನು ಆ ಜಾಗದಲ್ಲಿ ಕೂರುತ್ತದೆ. ಸೋಡಿಯಂ ಉಪ್ಪು ಬೆರೆಸಿದರೆ ಸೋಡಿಯಂ ಹೋಗಿ ಮುಳ್ಳಿನ ತುದಿಯನ್ನೇ ಮುತ್ತಿಕೊಳ್ಳುತ್ತದೆ, ಆದರೆ ತಾನು ಲೋಹವಾಗಿ ಅಲ್ಲಿ ಕೂರದು. ಸತು ಪಕ್ಕದ ತಗ್ಗಿಗೆ ಸರಿಯಲೇಬೇಕು. ಮೂರರಲ್ಲಿ ಈ ಸೋಡಿಯಂ ಉಪಾಯವೇ ನನಗೆ ಅತಿ ಚೆಂದ.

ತೊಟ್ಟಿಗೆ ಏನನ್ನು ಎಷ್ಟು ಬೆರೆಸಬೇಕೆಂಬ ವಿದ್ಯೆ ನಮ್ಮಲ್ಲಿ ಹಳೆಯದು. ಮಲ್ಲೇಶ್ವರದ 18ನೇ ಕ್ರಾಸ್ ದಾಟಿದರೆ ಸಿಗುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1950ರ ದಶಕದಲ್ಲೇ ಟಿ.ಎಲ್. ರಾಮಾಚಾರ್ ಲೋಹಲೇಪನದ ದ್ರಾವಣಗಳನ್ನು ಅಭ್ಯಾಸ ಮಾಡಿದರು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಟಿ.ವಿ. ವೆಂಕಟೇಶ ಮತ್ತು ಸಂಗಡಿಗರು ಸತುವಿನ ಲೇಪಕ್ಕೆ ಹೊಳಪು ಕೊಡುವ ಪದಾರ್ಥಗಳನ್ನು ತಯಾರಿಸಿದರು. ಇಂಥ ಪರೀಕ್ಷೆಗೆ ಪ್ಲೇಟಿಂಗ್‌ನವರು ನಂಬುವ ಸಲಕರಣೆ ಹಲ್ ಕೋಶ: 267 ಮಿಲಿಲೀಟರ್ ಹಿಡಿಯುವ, ಓರೆ ಗೋಡೆಯ ಪುಟ್ಟ ತೊಟ್ಟಿ. ತಗಡು ಓರೆಯಾಗಿ ನಿಲ್ಲುವುದರಿಂದ ಒಂದು ತುದಿಗೆ ವಿದ್ಯುತ್ ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಕೆಲವು ನಿಮಿಷ ಬಿಟ್ಟು ತೆಗೆದು, ತೊಳೆದು, ಬೆಳಕಿಗೆ ಹಿಡಿದರೆ ಎಲ್ಲಿ ಸುಟ್ಟಿದೆ, ಎಲ್ಲಿ ಮಂಕು, ಎಲ್ಲಿ ಹೊಳಪು ಎಂಬುದು ಬರಿಗಣ್ಣಿಗೇ ಕಾಣುತ್ತದೆ. ಪಳಗಿದ ಕಣ್ಣು ಆ ಒಂದು ತಗಡನ್ನು ನೋಡಿಯೇ ಇನ್ನೆಷ್ಟು ಬೆರೆಸಬೇಕೆಂದು ಹೇಳಿಬಿಡುತ್ತದೆ.

ಬ್ಯಾಟರಿಯವರ ಕೆಲಸ ಇದಕ್ಕಿಂತ ಕಷ್ಟ. ಪ್ಲೇಟಿಂಗ್‌ನವರು ಒಮ್ಮೆ ಲೇಪಿಸಿ ಮುಗಿಸುತ್ತಾರೆ. ಬೆರೆಸಿದ್ದು ಸವೆದರೆ ಮತ್ತೆ ಸುರಿಯುತ್ತಾರೆ. ಬ್ಯಾಟರಿಯಲ್ಲಿ ಸತು ಸಾವಿರ ಸಲ ಕರಗಿ ಸಾವಿರ ಸಲ ಸಮನಾಗಿ ಕೂರಬೇಕು, ಮುಚ್ಚಳ ಹಾಕಿದ ದಿನ ಬೆರೆಸಿದ್ದಷ್ಟೇ ಕೊನೆಯವರೆಗೂ ಒದಗಬೇಕು.