ಹಿರೇಮದ್ದಿನ ಬೇರು ಮತ್ತು ಬರ

ಕನ್ನಡದಲ್ಲಿ ಹಿರೇಮದ್ದು ಎಂದೂ ಕರೆಯಲಾಗುವ ಅಶ್ವಗಂಧವು ಒಣನೆಲದ ಗಿಡವಾಗಿದ್ದು, ಅದನ್ನು ಹೆಚ್ಚಾಗಿ ಬೆಳೆಯುವ ಮಧ್ಯಪ್ರದೇಶದ ನೀಮಚ್, ಮಂದಸೌರ್ ಜಿಲ್ಲೆಗಳಲ್ಲಿ ರೈತರು ಬಹುಮಟ್ಟಿಗೆ ಮಳೆಯನ್ನೇ ನೆಚ್ಚಿಕೊಂಡಿದ್ದಾರೆ. 600ರಿಂದ 750 ಮಿಲಿಮೀಟರ್ ಮಳೆ ಈ ಬೆಳೆಗೆ ಸಾಕು. ನೀರು ನಿಂತರೆ ಬೇರು ಕೊಳೆಯುತ್ತದೆ. ಆದರೆ ಬರವನ್ನು ತಾಳಬಲ್ಲದೆಂದು ಹೆಸರಾದ ಈ ಗಿಡವೂ ಬಿತ್ತನೆಯಾದ ಮೊದಲ ವಾರಗಳಲ್ಲಿ, ಬೇರು ಇನ್ನೂ ಮೇಲ್ಮಣ್ಣನ್ನು ದಾಟದಿರುವಾಗ ಮಳೆ ಕೈಕೊಟ್ಟರೆ, ಉಳಿಯುವುದು ಕಷ್ಟ.

ಮಣ್ಣಿನ ತೇವ ಇಳಿಯುತ್ತಿದ್ದಂತೆ ಗಿಡದಲ್ಲಿ ಅಬ್ಸಿಸಿಕ್ ಆಮ್ಲವೆಂಬ ಹಾರ್ಮೋನು ಹೆಚ್ಚುತ್ತದೆ. ಎಲೆಯ ಮೇಲಿನ ಪ್ರತಿಯೊಂದು ಪತ್ರರಂಧ್ರದ, ಅಂದರೆ ಗಿಡ ಉಸಿರಾಡುವ ಸೂಕ್ಷ್ಮ ಬಾಯಿಯ, ಎರಡೂ ಬದಿಗೆ ಹುರುಳಿಕಾಳಿನ ಆಕಾರದ ಎರಡು ಕೋಶಗಳಿದ್ದು, ಹಾರ್ಮೋನಿನ ಸೂಚನೆ ತಲುಪಿದೊಡನೆ ಅವು ನೀರು ಕಳೆದುಕೊಂಡು ಸಡಿಲಗೊಂಡು ಆ ಬಾಯಿಯನ್ನು ಮುಚ್ಚುತ್ತವೆ. ಇದರಿಂದ ನೀರು ಉಳಿದರೂ ಇಂಗಾಲದ ಡೈಆಕ್ಸೈಡ್ ಒಳಬರುವುದು ಕಡಿಮೆಯಾಗಿ ಬೆಳವಣಿಗೆ ಕುಂಠಿತಗೊಳ್ಳುತ್ತದೆ. ಬಳಕೆಯಾಗದೆ ಉಳಿದ ಬಿಸಿಲಿನ ಶಕ್ತಿಯು ಕೋಶಗಳನ್ನು ಸುಡುವಂಥ ಆಮ್ಲಜನಕದ ಉಗ್ರ ರೂಪಗಳನ್ನು ಹುಟ್ಟಿಸುತ್ತದೆ. ಅವುಗಳಿಂದ ತನ್ನನ್ನು ಕಾಪಾಡಿಕೊಳ್ಳಲು ಗಿಡ ತಯಾರಿಸುವ ರಾಸಾಯನಿಕಗಳಲ್ಲಿ ಮನುಷ್ಯರಿಗೆ ಔಷಧಿಯಾಗುವಂಥವೂ ಇವೆ. ಹಾಗಾಗಿ ಹಲವು ಔಷಧೀಯ ಸಸ್ಯಗಳಲ್ಲಿ ಹದವಾದ ನೀರಿನ ಕೊರತೆಯು ಔಷಧಾಂಶವನ್ನು ಹೆಚ್ಚಿಸುತ್ತದೆ, ಮಿತಿಮೀರಿದ ಕೊರತೆಯಾದರೋ ಇಳುವರಿಯನ್ನೇ ನುಂಗಿಹಾಕುತ್ತದೆ. ಭತ್ತ, ರಾಗಿಗಳ ಬರನಿರ್ವಹಣೆಯ ಲೆಕ್ಕವನ್ನು ಇಲ್ಲಿಗೆ ಹಾಗೆಯೇ ತರಲಾಗದಿರುವುದು ಇದರಿಂದಲೇ. ಬಾಯಾರಿಕೆಯನ್ನು ಪೂರ್ತಿ ನೀಗಿಸುವುದಕ್ಕಿಂತ ಅದು ಅಪಾಯದ ಗೆರೆ ದಾಟದಂತೆ ನೋಡಿಕೊಳ್ಳುವುದು ಮುಖ್ಯ.

ಬಿತ್ತನೆಗೆ ಮುನ್ನ ಬೀಜವನ್ನು ನೀರಿನಲ್ಲಿ ಅಥವಾ ತೆಳು ಲವಣದ್ರಾವಣದಲ್ಲಿ ನಿಗದಿತ ಅವಧಿಯವರೆಗೆ ನೆನೆಸಿ, ಮೊಳಕೆ ಹೊರಬರುವ ಮೊದಲೇ ನೆರಳಿನಲ್ಲಿ ಒಣಗಿಸಿದರೆ, ಒಳಗಿನ ಭ್ರೂಣ ಆಗಲೇ ಚುರುಕಾಗಿರುವುದರಿಂದ ಸಸಿಗಳು ಬೇಗ ಬೇರೂರುತ್ತವೆ. ಮೈಕೋರೈಜಾ ಎಂಬ ಶಿಲೀಂಧ್ರವು ಬೇರಿನೊಡನೆ ಕೂಡಿ ಬಾಳುತ್ತಾ, ಬೇರುಗೂದಲಿಗಿಂತಲೂ ಸಣ್ಣ ಎಳೆಗಳನ್ನು ಮಣ್ಣಿನ ಸಂದುಗಳಿಗೆ ಚಾಚಿ ನೀರನ್ನೂ ರಂಜಕವನ್ನೂ ಗಿಡಕ್ಕೆ ಒದಗಿಸುತ್ತದೆ. ಕೊಟ್ಟಿಗೆ ಗೊಬ್ಬರ, ಒಣಹುಲ್ಲಿನ ಹೊದಿಕೆ ಹಳೆಯ ಉಪಾಯಗಳಾದರೂ ತೇವವನ್ನು ಹಿಡಿದಿಡುವಲ್ಲಿ ಇಂದಿಗೂ ನಂಬಿಕೆಗೆ ಅರ್ಹ.

ಸುಮಾರು 5ರಿಂದ 6 ತಿಂಗಳಿಗೆ ಎಲೆ ಒಣಗಿ, ಕಾಯಿ ಕೆಂಪಾದಾಗ ಬೇರನ್ನು ಅಗೆಯಲಾಗುತ್ತದೆ. ದಪ್ಪನಾಗಿ, ಮುರಿದರೆ ಪಟ್ಟೆಂದು ತುಂಡಾಗಿ, ಒಳಗೆ ಬೆಳ್ಳಗಿರುವ ಬೇರು ಮಾರುಕಟ್ಟೆಯಲ್ಲಿ ಮೇಲ್ದರ್ಜೆಯದು. ಔಷಧಾಂಶವಾದ ವಿಥನೊಲೈಡ್ ಎಷ್ಟಿದೆಯೆಂಬುದು ಪ್ರಯೋಗಾಲಯದಲ್ಲಷ್ಟೇ ತಿಳಿಯುತ್ತದೆ. ಬರದ ಬಗೆಗಿನ ಯಾವ ಶಿಫಾರಸನ್ನಾದರೂ ತೂಕ ಮತ್ತು ಔಷಧಾಂಶ ಎರಡನ್ನೂ ಅಳೆದ ಬಳಿಕವೇ ರೈತರ ಮುಂದಿಡಬೇಕು. ಏಕೆಂದರೆ ಹಿತಮಿತವಾಗಿ ಬಾಯಾರಿದ ಬೇರು ಸತ್ವದಲ್ಲಿ ಹೆಚ್ಚಿದ್ದರೂ, ಕಣ್ಣಳತೆಯ ದರ್ಜೆಯಲ್ಲಿ ಅದಕ್ಕೆ ಬೆಲೆ ಸಿಗದೇ ಹೋಗಬಹುದು.